‘ಅಲ್ಲಿ ಬೇಜಾರು ಬರುವುದಿಲ್ಲವೇ?’

12 ಜನವರಿ 2025, ಭಾನುವಾರ
ಶಿರಸಿ ತಾಲೂಕು

ತಮ್ಮನನ್ನು ಬೆಂಗಳೂರಿನ ರಾತ್ರಿ ಬಸ್ಸಿಗೆ ಹತ್ತಿಸಿ ಶಿರಸಿ ಪೇಟೆಯಿಂದ ಮನೆ ಸೇರುವಾಗ ಒಂಬತ್ತೂವರೆ ದಾಟಿತ್ತು. ಮೂರು ವಾರ ನಮ್ಮೊಂದಿಗಿದ್ದು ಅವನು ಜರ್ಮನಿಯ ಹ್ಯಾಂಬರ್ಗಿಗೆ ಹೊರಟಿದ್ದಾನೆ. ಆಯಿ, ಅಂದರೆ ನಮ್ಮ ತಾಯಿ, ಮಲಗದೆ ಜಗುಲಿಯಲ್ಲೇ ಕುಳಿತಿದ್ದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತೇ ಎಂದಷ್ಟೇ ಕೇಳಿ ಒಳಗೆ ಹೋದಳು. ಈ ಮೂರು ವಾರಗಳಲ್ಲಿ ಮನೆಗೆ ಬಂದವರೆಲ್ಲ, ಕವಳದ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತ, ತಮ್ಮನಿಗೆ ಒಂದೇ ಪ್ರಶ್ನೆಯನ್ನು ಕೇಳಿದ್ದಾರೆ: “ಅಲ್ಲಿ ಬೇಜಾರು ಬತ್ತಿಲ್ಯಾ ಮಾಣಿ?” ಐವತ್ತು ಸಮೀಪಿಸುತ್ತಿರುವವನಾದರೂ ಕೇರಿಗೆ ಅವನು ಇನ್ನೂ ಮಾಣಿಯೇ. ಕೆಲಸವಿರುತ್ತದೆ, ಬೇಜಾರು ಮಾಡಿಕೊಳ್ಳಲು ಪುರುಸೊತ್ತೆಲ್ಲಿ ಎಂದು ಅವನು ಪ್ರತಿಸಲವೂ ನಕ್ಕು ಉತ್ತರಿಸಿದ. ಮೊನ್ನೆ ರಾತ್ರಿಯ ತನಕ ನಾನೂ ಆ ಉತ್ತರವನ್ನು ಹಾಗೆಯೇ ನಂಬಿದ್ದೆ.

ಮೂವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಕನ್ನಡ ಪಾಠ ಹೇಳಿದವಳಾದ್ದರಿಂದ ನನಗೆ ಆ ಶಬ್ದದ ಮೇಲೆಯೇ ಮನಸ್ಸು ಹೋಗುತ್ತದೆ. ಹೊತ್ತು ಹೋಗದಿದ್ದರೂ ನಮಗೆ ಬೇಜಾರು, ಯಾರಾದರೂ ಆಡಿದ ಮಾತಿಗೆ ನೊಂದರೂ ಬೇಜಾರು, ಮಾಡಿದ್ದನ್ನೇ ಮಾಡಿ ಸಾಕಾದರೂ ಬೇಜಾರು, ಸತ್ತವರ ಮನೆಗೆ ಹೋಗಿ ಬಂದ ಸಂಜೆ ಮಾತು ಹೊರಡದೆ ಕುಳಿತರೆ ಅದೂ ಬೇಜಾರೇ. ಕೇಳುವವರು ಇವೆಲ್ಲವನ್ನೂ ಒಟ್ಟಿಗೇ ಕೇಳುತ್ತಾರೆ. ತಮ್ಮನು ಹೊತ್ತು ಹೋಗುವ ವಿಚಾರಕ್ಕೆ ಮಾತ್ರ ಉತ್ತರ ಕೊಟ್ಟು ಉಳಿದವನ್ನು ಬಿಟ್ಟುಬಿಡುತ್ತಿದ್ದ.

ಮೊನ್ನೆ ಶುಕ್ರವಾರ ಕೊಯ್ದ ಅಡಿಕೆ ಕೊನೆಗಳಲ್ಲಿ ಹೆಚ್ಚಿನವು ಸುಲಿಯುವ ಯಂತ್ರಕ್ಕೆ ಹೋಗಿ, ಎರಡು ಬುಟ್ಟಿಯಷ್ಟು ಹಸಿ ಅಡಿಕೆ ಉಳಿದಿತ್ತು. ತಡಮಾಡಿದರೆ ಬೇಯಿಸುವಾಗ ಬಣ್ಣ ಬರುವುದಿಲ್ಲವೆಂದು ನಾನು ಮೆಟ್ಟುಗತ್ತಿ ಹಾಕಿಕೊಂಡು ಕುಳಿತೆ. ತಮ್ಮನೂ ಅಟ್ಟದಿಂದ ಅಪ್ಪಯ್ಯನ ಕತ್ತಿಯನ್ನು ಹುಡುಕಿ ತಂದು ಎದುರಿಗೆ ಕುಳಿತ. ಮೊದಲ ಹತ್ತು ಅಡಿಕೆಗಳನ್ನು ಸುಲಿಯುವಾಗ ಅವನ ಕೈ ತಡವರಿಸಿತು. ಆಮೇಲೆ ಹೆಬ್ಬೆರಳಿಗೆ ಹಳೆಯ ಲೆಕ್ಕ ನೆನಪಾಯಿತೆಂದು ಕಾಣುತ್ತದೆ. ಅಡಿಕೆಯನ್ನು ಅಲಗಿಗೆ ಒತ್ತಿ, ಒಂದು ಸಲ ತಿರುವಿ, ಸಿಪ್ಪೆಯನ್ನು ಎರಡೇ ಪಾಲಾಗಿ ಬಿಡಿಸತೊಡಗಿದ. ಕೈ ಪಳಗಿದ ಮೇಲೆ ಮಾತು ಹೊರಟಿತು. “ಅಕ್ಕಾ, ಅಲ್ಲಿ ಏನೂ ನಡೆಯುವುದಿಲ್ಲ ಅಂತಲ್ಲ. ಸಂಗೀತ ಕಛೇರಿ ಬೇಕೇ, ನಾಟಕ ಬೇಕೇ, ಎಲ್ಲ ಇದೆ. ಆದರೆ ಎಲ್ಲದಕ್ಕೂ ನಾನೇ ಹೊರಟು ಹೋಗಬೇಕು. ತಾನಾಗಿ ನನ್ನ ಹತ್ತಿರ ಏನೂ ಬರುವುದಿಲ್ಲ” ಎಂದ. ಸ್ವಲ್ಪ ಹೊತ್ತಿನ ನಂತರ, ಇಷ್ಟು ವರ್ಷಗಳಲ್ಲಿ ಮೊದಲೇ ತಿಳಿಸದೆ ಒಬ್ಬರೂ ತನ್ನ ಮನೆಯ ಬಾಗಿಲಿಗೆ ಬಂದದ್ದಿಲ್ಲವೆಂದೂ ಹೇಳಿದ.

ಅದು ನಾನು ಕಣ್ಣಾರೆ ಕಂಡ ಸಂಗತಿ. ನಿವೃತ್ತಿಯಾದ ವರ್ಷ, 2022ರ ನವೆಂಬರ್ ಮತ್ತು ಡಿಸೆಂಬರಿನಲ್ಲಿ, ಏಳು ವಾರ ಅವನ ಮನೆಯಲ್ಲಿದ್ದೆ. ಮೊದಲ ಹದಿನೈದು ದಿನ ಅಲ್ಲಿಯ ನಿಶ್ಶಬ್ದ ನನಗೆ ನಿಜವಾಗಿಯೂ ಹಿತವೆನಿಸಿತು. ಬಸ್ಸು ಹೇಳಿದ ಹೊತ್ತಿಗೆ ಬರುತ್ತಿತ್ತು, ಯಾರೂ ಯಾರನ್ನೂ ನೂಕುತ್ತಿರಲಿಲ್ಲ, ಒಬ್ಬಳೇ ಹೆಂಗಸು ಕತ್ತಲಾದ ಮೇಲೆ ನಿರ್ಭಯವಾಗಿ ನಡೆದು ಬರಬಹುದಾಗಿತ್ತು. ಆದರೆ ಆ ಕತ್ತಲೆಯನ್ನು ನಾನು ಊಹಿಸಿರಲಿಲ್ಲ. ಡಿಸೆಂಬರಿನ ನಡುವೆ ಬೆಳಿಗ್ಗೆ ಎಂಟೂವರೆಗೆ ಹುಟ್ಟಿದ ಸೂರ್ಯ ನಾಲ್ಕು ಗಂಟೆಗೆ ಮುಳುಗುತ್ತಿದ್ದ. ಮೋಡವಿದ್ದರೆ ಆ ಏಳೂವರೆ ತಾಸಿನ ಬೆಳಕೂ ನಮ್ಮ ಮುಸ್ಸಂಜೆಯಂತಿರುತ್ತಿತ್ತು. ತಮ್ಮನು ಕತ್ತಲಲ್ಲಿ ಕೆಲಸಕ್ಕೆ ಹೋಗಿ ಕತ್ತಲಲ್ಲೇ ಹಿಂತಿರುಗುತ್ತಿದ್ದ. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಒಂದು ಭಾನುವಾರ, ಖಾಲಿಯಾದ ನಾಲ್ಕು ಗಾಜಿನ ಶೀಷೆಗಳನ್ನು ಬೀದಿಯ ತೊಟ್ಟಿಗೆ ಹಾಕಿ ಬರುತ್ತೇನೆಂದು ನಾನು ಹೊರಟಾಗ, ಈ ದಿನ ಹಾಕುವಂತಿಲ್ಲ, ಗಾಜಿನ ಸದ್ದು ನೆರೆಯವರ ವಿಶ್ರಾಂತಿಗೆ ಭಂಗ ತರುತ್ತದೆ ಎಂದು ತಮ್ಮ ತಡೆದ. ನೆರೆಯವರ ಬಗ್ಗೆ ಅಷ್ಟು ಕಾಳಜಿಯಿರುವ ಊರಿನಲ್ಲಿ, ಅದೇ ನೆರೆಯವರ ಮುಖ ನೋಡಲು ಮೆಟ್ಟಿಲಿನ ಮೇಲೆ ಆಕಸ್ಮಿಕವಾಗಿ ಎದುರಾಗಬೇಕಿತ್ತು. ವೈದ್ಯರಿಗೂ ಕಚೇರಿಗೂ ಕ್ಷೌರಕ್ಕೂ ಗೆಳೆಯನ ಮನೆಯ ಚಹಾಕ್ಕೂ ಮೊದಲು ‘ಟರ್ಮಿನ್’ ಆಗಬೇಕು, ಅಂದರೆ ದಿನ ಮತ್ತು ಗಂಟೆ ನಿಶ್ಚಯವಾಗಬೇಕು. ಆ ಏಳು ವಾರಗಳಲ್ಲಿ ಬಾಗಿಲಿನ ಗಂಟೆ ಬಾರಿಸಿದವರು ಪಾರ್ಸೆಲ್ ತರುವವರು ಮಾತ್ರ.

ಇದನ್ನು ನಾನು ಆ ಜನರ ದೋಷವೆಂದು ಹೇಳಲಾರೆ. ಮೇಲಿನ ಮಹಡಿಯ ವೃದ್ಧೆಯೊಬ್ಬರು ನನಗೆ ಭಾಷೆ ಬಾರದೆಂದು ತಿಳಿದೂ, ಕ್ರಿಸ್‌ಮಸ್ಸಿನ ಬಿಸ್ಕೆಟ್ಟುಗಳನ್ನು ಡಬ್ಬಿಯಲ್ಲಿ ತುಂಬಿ ಬಾಗಿಲ ಮುಂದೆ ಇಟ್ಟು ಹೋಗಿದ್ದರು. ಗಂಟೆ ಬಾರಿಸಿ ನಮಗೆ ತೊಂದರೆ ಕೊಡುವುದು ಅವರ ಮನಸ್ಸಿಗೆ ಒಗ್ಗಿರಲಿಲ್ಲ. ಇನ್ನೊಬ್ಬರ ಹೊತ್ತಿಗೆ ಕೈ ಹಾಕಬಾರದೆಂಬುದು ಅಲ್ಲಿಯ ಮರ್ಯಾದೆ. ಹೋದವರ ಮನೆಯಲ್ಲಿ ಕುಳಿತು ಆಸ್ರಿಗೆ ಕುಡಿಯದೆ ಏಳಬಾರದೆಂಬುದು ನಮ್ಮದು. ಜೂನ್ ತಿಂಗಳಿನಲ್ಲಿ ರಾತ್ರಿ ಹತ್ತರ ಹತ್ತಿರದವರೆಗೂ ಬೆಳಕಿರುವಾಗ ಅದೇ ಊರು ಬೇರೆಯಾಗಿರುತ್ತದೆ, ಎಲ್ಬೆ ನದಿಯ ದಂಡೆಯ ತುಂಬ ಜನ ಕುಳಿತಿರುತ್ತಾರೆ, ಆಗ ತನಗೆ ಊರಿನ ನೆನಪು ಅಷ್ಟಾಗಿ ಕಾಡುವುದಿಲ್ಲವೆಂದು ತಮ್ಮನೇ ಒಪ್ಪಿಕೊಂಡ.

ಪರದೇಶದ ಬೇಜಾರೆಲ್ಲ ಒಂದೇ ಬಗೆಯದೆಂದೂ ನನಗೆ ಅನಿಸುವುದಿಲ್ಲ. ಘಟ್ಟದ ಕೆಳಗೆ ಕರಾವಳಿಯ ಶಾಲೆಯೊಂದರಲ್ಲಿ ಎಂಟು ವರ್ಷ ಪಾಠ ಹೇಳಿದ್ದೇನೆ. ಭಟ್ಕಳದ ಕಡೆಯ ಎಷ್ಟೋ ಮಕ್ಕಳ ತಂದೆಯರು ಕೊಲ್ಲಿ ದೇಶಗಳಲ್ಲಿದ್ದರು. ಅವರು ಅಣ್ಣತಮ್ಮಂದಿರ, ನೆಂಟರ, ಓಣಿಯವರ ಜೊತೆಗೇ ಹೋದವರು. ಒಂದು ಕೋಣೆಯಲ್ಲಿ ಆರೆಂಟು ಜನ ಇರುತ್ತಿದ್ದರು, ಊರಿನ ಅಡುಗೆ ಮತ್ತು ಊರಿನ ಮಾತು ಅವರೊಂದಿಗೇ ಹೋಗಿತ್ತು. ಅವರಿಗೆ ಜನರ ಕೊರತೆಯಿರಲಿಲ್ಲ, ಹೆಂಡತಿ ಮಕ್ಕಳು ಹತ್ತಿರವಿರಲಿಲ್ಲ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳು ಮನೆಗೆ ಬರುವ ತಂದೆಯನ್ನು ಕುರಿತು ಏಳನೆಯ ತರಗತಿಯ ಹುಡುಗನೊಬ್ಬ ಪ್ರಬಂಧದಲ್ಲಿ, “ಅಪ್ಪ ನಮ್ಮ ಮನೆಗೆ ಬರುವ ದೊಡ್ಡ ಹಬ್ಬ” ಎಂದು ಬರೆದಿದ್ದ. ಆ ವಾಕ್ಯದ ಕೆಳಗೆ ಕೆಂಪು ಶಾಯಿಯಲ್ಲಿ ಏನು ಬರೆಯಬೇಕೆಂದು ತಿಳಿಯದೆ, ಬರೀ ಸರಿ ಗುರುತು ಹಾಕಿ ಕೊಟ್ಟಿದ್ದೆ.

ಇಂದು ಆ ವಾಕ್ಯ ಮತ್ತೆ ನೆನಪಾದದ್ದಕ್ಕೆ ಕಾರಣವಿದೆ. ತಮ್ಮನು ಊರಿಗೆ ಬರುವುದು ಯಾವಾಗ? ಕಳೆದ ಮಾರ್ಚಿನಲ್ಲಿ ಮಾರಿಕಾಂಬಾ ಜಾತ್ರೆಗೆ ಬಂದಿದ್ದ. ಎರಡು ವರ್ಷಕ್ಕೊಮ್ಮೆ ನಡೆಯುವ ಆ ಜಾತ್ರೆಯಲ್ಲಿ ದೇವಿ ಬಿಡಕಿಬಯಲಿನ ಗದ್ದುಗೆಯಲ್ಲಿ ಕುಳಿತಿರುವಷ್ಟು ದಿನವೂ ಶಿರಸಿಯಲ್ಲಿ ಹಗಲು ರಾತ್ರಿಯ ಭೇದವಿರುವುದಿಲ್ಲ. ಈಗ ಬಂದದ್ದು ಅಡಿಕೆ ಕೊಯ್ಲಿಗೆ. ಬಂದಾಗಲೆಲ್ಲ ಎಲ್ಲಾದರೂ ಯಕ್ಷಗಾನವಿರುತ್ತದೆ. ಈ ಸಲ ಪಕ್ಕದ ಊರಿನಲ್ಲಿ ಆಲೆಮನೆಯೂ ಶುರುವಾಗಿ, ಹೋದವರಿಗೆಲ್ಲ ಕಬ್ಬಿನ ಹಾಲು ಕುಡಿಸಿ, ಬಿಸಿಯಾದ ನೊರೆಬೆಲ್ಲವನ್ನು ಬಾಳೆಲೆಗೆ ಹಾಕಿ ಕೊಟ್ಟರು. ಅವನು ಅಲ್ಲಿಯ ಬುಧವಾರವನ್ನು ಇಲ್ಲಿಯ ಜಾತ್ರೆಯೊಂದಿಗೆ ಹೋಲಿಸುತ್ತಾನೆ. ಇಲ್ಲಿಯ ಬುಧವಾರವನ್ನು ಅವನು ನೋಡಿ ಇಪ್ಪತ್ತು ವರ್ಷಗಳಾದವು.

ನಮ್ಮ ಕೇರಿಯಲ್ಲಿ ಹನ್ನೊಂದು ಮನೆಗಳು. ಅವುಗಳಲ್ಲಿ ಆರರಲ್ಲಿ ಈಗ ಇರುವವರು ವಯಸ್ಸಾದ ಇಬ್ಬರು, ಒಂದರಲ್ಲಿ ಒಬ್ಬರೇ. ತಮ್ಮನ ಬಾಲ್ಯದಲ್ಲಿ ನಮ್ಮ ಅಂಗಳದಲ್ಲಿ ಅಡಿಕೆ ಸುಲಿಯಲು ಹದಿನೈದು ಜನರಾದರೂ ಕೂಡುತ್ತಿದ್ದರು, ಯಕ್ಷಗಾನದ ಪದ ಹೇಳುವವರಿದ್ದರು, ನಗೆಯ ನಡುವೆ ರಾತ್ರಿ ಹನ್ನೆರಡಾದದ್ದು ತಿಳಿಯುತ್ತಿರಲಿಲ್ಲ. ಆ ಹದಿನೈದು ಜನರ ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಅಮೆರಿಕದಲ್ಲಿದ್ದಾರೆ, ಒಬ್ಬ ಹ್ಯಾಂಬರ್ಗಿನಲ್ಲಿದ್ದಾನೆ. ಜುಲೈ ತಿಂಗಳಿನಲ್ಲಿ ಹದಿನೈದು ದಿನ ಸೂರ್ಯನ ಮುಖ ಕಾಣದೆ, ಗಾಳಿಗೆ ಮರ ಬಿದ್ದು ವಿದ್ಯುತ್ ಹೋಗಿ, ಮೊಬೈಲಿನ ಸಿಗ್ನಲ್ಲೂ ಇಲ್ಲದೆ, ಅಡಿಕೆಯ ಕೊಳೆ ರೋಗಕ್ಕೆ ಎರಡನೆಯ ಸಲ ಬೋರ್ಡೋ ದ್ರಾವಣ ಹೊಡೆಸಲು ಮಳೆ ಬಿಡುವುದೇ ಎಂದು ಆಕಾಶ ನೋಡುತ್ತ ಆಯಿ ಮತ್ತು ನಾನು ಹೊಡಸಲಿನ ಬೆಂಕಿಯ ಮುಂದೆ ಕಂಬಳಿ ಹೊದ್ದು ಕೂರುವಾಗ, ನಮ್ಮ ಬಾಗಿಲಿಗೂ ವಾರಗಟ್ಟಲೆ ಯಾರೂ ಬರುವುದಿಲ್ಲ. ಇಲ್ಲಿ ಗಂಟೆಯೇ ಇಲ್ಲ, ಬಾಗಿಲು ತೆರೆದೇ ಇರುತ್ತದೆ. ಬರುವ ಜನ ಉಳಿದಿಲ್ಲ.

ಈ ಮೂರು ವಾರ ಮನೆ ತುಂಬಿ ತುಳುಕಿದ್ದು ಅವನು ಬಂದದ್ದಕ್ಕೆ. ಅವನನ್ನು ನೋಡಲು ನೆರೆಯವರು ಬಂದರು, ಅವನಿಗೆಂದು ಸೊಸೆಯಂದಿರು ತೊಡೆದೇವು ಮಾಡಿ ಕಳಿಸಿದರು, ಅವನಿದ್ದಾನೆಂದು ಆಯಿ ಎರಡು ಹೊತ್ತೂ ಎದ್ದು ಓಡಾಡಿದಳು. ಊರು ಎಷ್ಟು ಗೆಲುವಾಗಿದೆ ಎಂದು ಅವನು ಅಂದುಕೊಳ್ಳುವಾಗ ತನ್ನ ಬರವಿನಿಂದ ಎದ್ದ ಗೆಲುವನ್ನೇ ನೋಡುತ್ತಿರುತ್ತಾನೆ. ಮೊನ್ನೆ ರಾತ್ರಿ ನಾನು ಇದನ್ನು ಅವನಿಗೆ ನೇರವಾಗಿ ಹೇಳಿದೆ. ಹೇಳಬಾರದಿತ್ತೇನೋ, ಅವನ ಕೈ ನಿಂತಿತು, ಬಹಳ ಹೊತ್ತು ಮಾತಾಡಲಿಲ್ಲ. “ಹಾಗಾದರೆ ನಾನು ಯಾವ ಊರಿಗೆ ಬೇಜಾರು ಮಾಡಿಕೊಳ್ಳುತ್ತಿದ್ದೇನೆ, ಅಕ್ಕಾ?” ಎಂದು ಕೇಳಿದ. ನನಗೆ ಉತ್ತರ ತೋಚಲಿಲ್ಲ. ಬುಟ್ಟಿ ಖಾಲಿಯಾಗುವವರೆಗೂ ಇಬ್ಬರೂ ಸುಲಿದೆವು.

ಇಂದು ಬಸ್ ನಿಲ್ದಾಣದಲ್ಲಿ, ಮುಂದಿನ ಸಲ ಹಬ್ಬಕ್ಕೆ ಬರಬೇಡ, ಮಳೆಗಾಲದಲ್ಲಿ ಬಾ ಎಂದೆ. ಅಲ್ಲಿ ಬೆಳಕಿರುವ ತಿಂಗಳುಗಳು ಅವೇ, ಅವುಗಳನ್ನು ಬಿಟ್ಟು ಬರಬೇಕು ಎಂದು ಅವನು ನೆಲ ನೋಡಿದ. ನಾನು ಒತ್ತಾಯಿಸಲಿಲ್ಲ, ಏನನ್ನು ಕೇಳುತ್ತಿದ್ದೇನೆಂದು ಆ ಡಿಸೆಂಬರನ್ನು ಕಂಡ ನನಗೆ ಗೊತ್ತಿದೆ. ಸಾಮಾನನ್ನು ಡಿಕ್ಕಿಗೆ ಹಾಕಿಸಿ ಬಂದವನು ಜೇಬಿನಿಂದ ಮೊಬೈಲು ತೆಗೆದು, “ಮಳೆ ಜೋರು ಹೊಡೆಯುವುದು ಯಾವಾಗ?” ಎಂದು ಕೇಳಿದ. ಪುನರ್ವಸು, ಪುಷ್ಯ ಎಂದೆ. ಅವನಿಗೆ ತಾರೀಖು ಬೇಕಿತ್ತು. ಜುಲೈ ಆರರಿಂದ ಆಗಸ್ಟ್ ಮೂರರ ತನಕ ಎಂದು ಹೇಳುವಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ. ಕಿಟಕಿಯ ಗಾಜಿನ ಹಿಂದೆ ಅವನು ತಲೆ ಬಗ್ಗಿಸಿ ಏನನ್ನೋ ಬರೆದುಕೊಳ್ಳುತ್ತಿದ್ದದ್ದು ಬಸ್ಸು ತಿರುಗುವವರೆಗೂ ಕಾಣುತ್ತಿತ್ತು.