ಮೋರೇರ ಗುಡ್ಡದ ಕಲ್ಲುಮನೆಗಳು

ಹಿರೇಬೆಣಕಲ್ ಊರು ಕೊಪ್ಪಳ ಜಿಲ್ಲೆಯ ಗಂಗಾವತಿಯಿಂದ ಪಶ್ಚಿಮಕ್ಕೆ ಸುಮಾರು 10 ಕಿ.ಮೀ. ದೂರದಲ್ಲಿದೆ. ವಾಹನ ಊರಿನಲ್ಲೇ ನಿಲ್ಲಬೇಕು. ಅಲ್ಲಿಂದ ಮೋರೇರ ಗುಡ್ಡದ ಮೇಲಿನ ಶಿಲಾಗೋರಿಗಳವರೆಗೆ ಬಂಡೆ ಹತ್ತಿಳಿಯುವ ನಡಿಗೆ. ಒಂದು ತಾಸಿಗಿಂತ ಹೆಚ್ಚೇ ಹಿಡಿಯುತ್ತದೆ. ಕುರಿ ಹಾದಿಗಳು ಅಲ್ಲಲ್ಲಿ ಕವಲೊಡೆದು ದಾರಿ ತಪ್ಪಿಸುವುದರಿಂದ ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಬೇಕು. ತಲಾ 3 ಲೀಟರ್ ನೀರು ಬೇಕು. ಕರಡಿ, ಚಿರತೆ ಓಡಾಡುವ ಸೀಮೆ ಇದು, ಹೊತ್ತು ಮುಳುಗುವ ಮೊದಲೇ ಇಳಿದುಬಿಡಬೇಕು.

ಹತ್ತುವಾಗ ಕಲ್ಲಾಸರೆಗಳ ಒಳಮೈಯಲ್ಲಿ ಕೆಮ್ಮಣ್ಣಿನ ಬಣ್ಣದ ಚಿತ್ರಗಳು ಕಾಣುತ್ತವೆ. ಚಿತ್ರಗಳಷ್ಟೇ ಗಮನವನ್ನು ಆ ಆಸರೆಗಳಿಗೂ ಕೊಡಬೇಕು. ಮೇಲಿನ ಕೆಲವು ಗೋರಿಗಳು ಇದೇ ರೂಪದವು: ದೊಡ್ಡ ಗುಂಡೊಂದೇ ಸೂರು, ಅದರ ಬದಿಯ ಸಂದಿಗೆ ಕಲ್ಲು ಒಟ್ಟಿ ಮುಚ್ಚಿದ್ದಾರೆ. ಗೋಡೆ ಮನುಷ್ಯನದು, ಛಾವಣಿ ಗುಡ್ಡದ್ದು. ಗುಡ್ಡದ ಮೇಲಿನ ಕೆರೆಯ ಬಳಿಗೆ ಬಂದರೆ ಛಾವಣಿಯನ್ನೂ ಮನುಷ್ಯನೇ ಎತ್ತಿ ಇಟ್ಟಿರುವುದು ಕಾಣುತ್ತದೆ.

ಸುಮಾರು 20 ಹೆಕ್ಟೇರ್ ಹರವಿನಲ್ಲಿ 400ರಷ್ಟು ಶಿಲಾರಚನೆಗಳಿವೆ, ಬಹುಪಾಲು ಕ್ರಿ.ಪೂ. 800ರಿಂದ 200ರ ನಡುವಿನವು. 1835ರಲ್ಲಿ ನಿಜಾಮನ ಸೇವೆಯಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಇವನ್ನು ವರದಿ ಮಾಡಿದ. ಮೋರ್ಯರೆಂಬ ಕುಳ್ಳ ಜನ ಇಲ್ಲಿ ಬಾಳಿದ್ದರೆಂದು ಊರವರು ಹೇಳುತ್ತ ಬಂದಿದ್ದಾರೆ. ಹೆಸರೂ ಹಾಗೆಯೇ, ಮೋರೇರ ಮನೆ. ಸತ್ತವರಿಗೆ ಕಟ್ಟಿದ್ದಾದರೂ 'ಮನೆ' ಎಂಬ ಮಾತು ಸರಿಯಾಗಿಯೇ ಇದೆ. ಬದುಕಿದ್ದವರ ಮನೆಗಳು ಗಳ, ತಟ್ಟಿ, ಹುಲ್ಲಿನವು. ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯಲ್ಲಿ 1963-64ರ ಉತ್ಖನನದಲ್ಲಿ ಇನ್ನೂ ಹಿಂದಿನ, ನವಶಿಲಾಯುಗದ ದುಂಡು ಗುಡಿಸಲುಗಳ ನೆಲೆಗಟ್ಟು ಸಿಕ್ಕಿತೇ ಹೊರತು ಸೂರು ಉಳಿದಿರಲಿಲ್ಲ. ಗೋಡೆ, ಬಾಗಿಲು, ಛಾವಣಿ ಮೂರನ್ನೂ ಒಟ್ಟಿಗೆ ಕಣ್ಣಾರೆ ನೋಡಲು ಈ ಗುಡ್ಡಕ್ಕೇ ಬರಬೇಕು.

ಒಂದು ಮನೆಯ ಮುಂದೆ ಕೂತು ನೋಡಿ. ಕೆಲವಕ್ಕೆ ಮೂರೇ ಗೋಡೆ, ನಾಲ್ಕನೆಯ ಬದಿ ತೆರೆದಿದೆ. ಕೆಲವಕ್ಕೆ ನಾಲ್ಕನೆಯ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಚಪ್ಪಡಿ ಗೇಣಿಗಿಂತ ತೆಳು, ಎರಡೂ ಮೈ ಹೆಚ್ಚುಕಡಿಮೆ ಸಮ. ಹೀಗೆ ಕೆತ್ತಿದ್ದಲ್ಲ, ಇಲ್ಲಿನ ಗ್ರಾನೈಟ್ ಬಿಸಿಲು ಮಳೆಗೆ ಈರುಳ್ಳಿಯಂತೆ ಪದರ ಬಿಡುತ್ತದೆ. ಬಿರುಕು ಗುರುತಿಸಿ ಮೀಟಿ ಎಬ್ಬಿಸುವುದೇ ಮೊದಲ ಕೆಲಸ. ಹಾಗೆ ಕಲ್ಲು ತೆಗೆದ ತಗ್ಗಿನಲ್ಲಿ ನೀರು ನಿಂತದ್ದೇ ಕೆರೆ.

3 ಮೀಟರ್ ಉದ್ದ, 2.5 ಮೀಟರ್ ಅಗಲ, 15 ಸೆಂ.ಮೀ. ದಪ್ಪದ ಚಪ್ಪಡಿ ಲೆಕ್ಕಕ್ಕೆ ಸುಮಾರು 3 ಟನ್ ತೂಗುತ್ತದೆ. ಸಮನೆಲದ ಮೇಲೆ ಎಳೆಯಲೂ ಐವತ್ತು ಅರವತ್ತು ಆಳು ಬೇಕಾದೀತು. ನಿಲ್ಲಿಸುವುದು ಅದಕ್ಕಿಂತ ಕಷ್ಟ: ಬಂಡೆನೆಲದಲ್ಲಿ ಆಳವಾಗಿ ಹೂಳುವಂತಿಲ್ಲ, ಬುಡಕ್ಕೆ ಗಟ್ಟಿಕಲ್ಲು ಗಿಡಿಯಬೇಕು. ಅಕ್ಕಪಕ್ಕದ ಚಪ್ಪಡಿಗಳು ಒಂದಕ್ಕೊಂದು ಆನಿಸಿಕೊಳ್ಳಬೇಕು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಗೋರಿಗಳಲ್ಲಿ ಈ ಉಪಾಯ ಸ್ಪಷ್ಟವಾಗಿದೆ: ಪ್ರತಿ ಚಪ್ಪಡಿಯ ಒಂದು ತುದಿ ಪಕ್ಕದ್ದನ್ನು ದಾಟಿ ಮುಂದೆ ಚಾಚಿ, ಮೇಲಿನಿಂದ ನೋಡಿದರೆ ಸ್ವಸ್ತಿಕದಂತೆ ಕಾಣುತ್ತದೆ. ಸುತ್ತಲಿನ ಮಣ್ಣು ಗೋಡೆಯನ್ನು ಒಳಗೆ ತಳ್ಳಿದರೆ ಪಕ್ಕದ ಚಪ್ಪಡಿಯ ಅಂಚು ತಡೆಯುತ್ತದೆ. ಗಾರೆಯಿಲ್ಲದೆ ಮೂಲೆ ಕಟ್ಟುವ ಇದಕ್ಕಿಂತ ಚೆಂದದ ದಾರಿ ಬೇರೆ ಕಾಣದು.

ಮುರಿದದ್ದನ್ನು ನೋಡಿದರೂ ಕಟ್ಟಡದ ಗುಟ್ಟು ತಿಳಿಯುತ್ತದೆ. ಕಿಂಡಿ ಕೊರೆದ ಚಪ್ಪಡಿಯ ಬಲಹೀನ ಜಾಗ ಆ ಕಿಂಡಿಯೇ. ಅಲ್ಲಿಂದ ಹತ್ತಿರದ ಅಂಚಿಗೆ ಉಳಿಯುವುದು ಕಿರಿದಾದ ಪಟ್ಟಿ, ಬಿರುಕು ಅದನ್ನೇ ಹಿಡಿಯುತ್ತದೆ. ಒಂದು ಗೋಡೆ ವಾಲಿದರೆ ಮುಚ್ಚುಗಲ್ಲು ಎರಡೇ ಕಡೆ ಕೂತು, ನಡುವೆ ಆಸರೆಯಿಲ್ಲದೆ ತನ್ನ ಭಾರಕ್ಕೇ ಸೀಳುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ನಿಧಿಗಳ್ಳರ ಕೆಲಸ. ಸಿಗದ ಬಂಗಾರಕ್ಕಾಗಿ ಬುಡ ಅಗೆದು ಗಿಡಿದ ಕಲ್ಲು ಕಿತ್ತರೆ, ಎರಡು ಸಾವಿರ ವರ್ಷಕ್ಕೂ ಮೀರಿ ನಿಂತ ಗೋಡೆಯೂ ಮಕಾಡೆ ಬೀಳುತ್ತದೆ. ಇದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹತ್ತಿರದ ಸುಮಾರು 10 ಮೀಟರ್ ಎತ್ತರದ ಬಂಡೆಯ ನೆತ್ತಿಯಲ್ಲಿ ನಗಾರಿಯಾಕಾರದ ಗುಂಡುಕಲ್ಲಿದೆ. ಬಡಿದರೆ ಸದ್ದು ಒಂದು ಕಿ.ಮೀ. ದೂರ ಕೇಳುತ್ತದಂತೆ.

2021ರಲ್ಲಿ ಈ ತಾಣ ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿ ಸೇರಿದೆ. ಮುಚ್ಚುಗಲ್ಲಿನ ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳಬೇಡಿ, ಗೋಡೆಗೆ ಒರಗಬೇಡಿ. ಕೆಳಗಿನ ಗಿಡಿಕಲ್ಲು ಸಡಿಲಗೊಂಡಿದೆಯೇ ಎಂಬುದು ಮೇಲಿನಿಂದ ಕಾಣುವುದಿಲ್ಲ, ಜಾರಿದ ಚಪ್ಪಡಿಯನ್ನು ಮತ್ತೆ ನಿಲ್ಲಿಸಲು ಈ ಕುರಿಹಾದಿಯಲ್ಲಿ ಕ್ರೇನ್ ಬರುವುದಿಲ್ಲ.