ಕಾಯಿಲೆ ಕಾಗದಕ್ಕೆ

2023ರ ಅಕ್ಟೋಬರ್ 3, ಮಂಗಳವಾರ. ವಲೆನ್ಸಿಯಾದ ನನ್ನ ಬಾಡಿಗೆ ಮನೆಗೆ ರಿಜಿಸ್ಟರ್ಡ್ ಪತ್ರ ಬಂತು. ಹೆಂಡತಿಯನ್ನು ಸ್ಪೇನಿಗೆ ಕರೆಸಿಕೊಳ್ಳಲು ಹಾಕಿದ್ದ ಅರ್ಜಿಯದು. ಎರಡು ಪುಟ ಬರೀ ಕಾನೂನು, ನಡುನಡುವೆ ಒಂದೇ ಪದ: ‘ಸುಬ್ಸನಾರ್’. ಹತ್ತು ದಿನದೊಳಗೆ ಸುಬ್ಸನಾರ್ ಮಾಡಬೇಕಂತೆ.

ನನ್ನದು ತರಕಾರಿ ಅಂಗಡಿಯ ಸ್ಪ್ಯಾನಿಷ್. ‘ಸನಾರ್’ ಅಂದರೆ ವಾಸಿಯಾಗುವುದು, ‘ಸಾನೊ’ ಅಂದರೆ ಆರೋಗ್ಯವಂತ ಅಂತ ಗೊತ್ತಿತ್ತು. ಮಗು ಬಿದ್ದು ಅತ್ತರೆ ಅಮ್ಮಂದಿರು ಮಂಡಿ ಸವರುತ್ತ ‘ಸಾನಾ, ಸಾನಾ’ ಅನ್ನುವುದನ್ನು ಪಾರ್ಕಿನಲ್ಲಿ ಕೇಳಿದ್ದೆ. ಸರಿ, ಮೆಡಿಕಲ್ ಸರ್ಟಿಫಿಕೇಟ್ ಕೇಳುತ್ತಿದ್ದಾರೆ ಅಂದುಕೊಂಡು ಮರುದಿನ ರಜೆ ಹಾಕಿ ಆರೋಗ್ಯ ಕೇಂದ್ರದ ಸಾಲಿನಲ್ಲಿ ನಿಂತೆ. ಮೊಬೈಲಲ್ಲಿ ಅರ್ಥ ನೋಡಬಾರದಿತ್ತಾ ಅಂತ ಹೆಂಡತಿ ಆಮೇಲೆ ಬೈದಳು. ಗೊತ್ತಿದೆ ಅಂದುಕೊಂಡ ಪದವನ್ನು ಯಾರಾದರೂ ಹುಡುಕುತ್ತಾರಾ?

ಕೌಂಟರಿನ ಹೆಂಗಸು ಕನ್ನಡಕ ಏರಿಸಿ ಪತ್ರ ಓದಿದರು. ನಕ್ಕರು. “ನೀವು ಚೆನ್ನಾಗಿದ್ದೀರಿ. ಕಾಯಿಲೆ ನಿಮ್ಮ ಕಾಗದಕ್ಕೆ.”

ಕೆಳಗಿನ ಮನೆಯ ಅಜ್ಜ ಹಿಂದೆ ನೋಟರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಸಂಜೆ ಕಾಫಿ ಕುಡಿಯುತ್ತ ಬಿಡಿಸಿ ಹೇಳಿದರು. ಸುಬ್ಸನಾರ್ ಅಂದರೆ ದೋಷ ತಿದ್ದುವುದು, ಲೋಪ ತುಂಬುವುದು. ಒಳಗಿರುವುದು ಅದೇ ‘ಸನಾರ್’, ವಾಸಿಮಾಡುವುದೇ. ಆದರೆ ವಾಸಿಯಾಗಬೇಕಾದ್ದು ಅರ್ಜಿ, ಕರಾರು, ಕಡತ. ನಮ್ಮ ತಾಲ್ಲೂಕು ಕಚೇರಿಯ ‘ನ್ಯೂನತೆಗಳನ್ನು ಸರಿಪಡಿಸತಕ್ಕದ್ದು’ ಅನ್ನುವುದರ ಅಣ್ಣತಮ್ಮ. ತಿದ್ದಬಹುದಾದ ದೋಷ ‘ಸುಬ್ಸನಾಬ್ಲೆ’, ತಿದ್ದಲಾಗದ್ದು ‘ಇನ್‌ಸುಬ್ಸನಾಬ್ಲೆ’. ಪತ್ರ ಬಂದಿದೆ ಅಂದರೆ ನಿನ್ನದು ಮೊದಲನೆಯ ಜಾತಿ, ಹೆದರಬೇಡ ಅಂದರು.

ಹೆದರಬೇಕಾದ್ದು ಕೊನೆಯ ಸಾಲಿಗೆ. 2015ರ 39ನೇ ಕಾನೂನಿನ 68ನೇ ಕಲಂ ಪ್ರಕಾರ, ಹತ್ತು ದಿನದಲ್ಲಿ ತಿದ್ದದಿದ್ದರೆ ಅರ್ಜಿದಾರನನ್ನು ‘ದೆಸಿಸ್ತಿದೊ’ ಎಂದು ಪರಿಗಣಿಸುತ್ತಾರೆ. ಅಂದರೆ ಅವರು ತಿರಸ್ಕರಿಸಿದ್ದಲ್ಲ, ನೀವೇ ಕೈಬಿಟ್ಟಿರಿ ಅಂತ! ಎಂಥ ಜಾಣ ಭಾಷೆ. ಪುಣ್ಯಕ್ಕೆ ಹತ್ತು ದಿನವೆಂದರೆ ಕೆಲಸದ ದಿನ. ಶನಿವಾರ, ಭಾನುವಾರ ಲೆಕ್ಕಕ್ಕಿಲ್ಲ. ಅಕ್ಟೋಬರ್ 9 ವಲೆನ್ಸಿಯಾದ ಹಬ್ಬ, 12 ಇಡೀ ಸ್ಪೇನಿನ ಹಬ್ಬ, ಅವೂ ಇಲ್ಲ. ಅಜ್ಜ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಎಣಿಸಿ 19ಕ್ಕೆ ನಿಲ್ಲಿಸಿದರು.

ನನ್ನ ದೋಷ ಏನೆಂದರೆ, ಮದುವೆ ಸರ್ಟಿಫಿಕೇಟಿನ ಮುಂಭಾಗ ಮಾತ್ರ ಸ್ಕ್ಯಾನ್ ಮಾಡಿದ್ದೆ. ಅಪೊಸ್ಟೀಲ್ ಸ್ಟಿಕರ್, ಅಂದರೆ ದಾಖಲೆ ಅಸಲಿ ಅಂತ ಹೊರದೇಶಕ್ಕೆ ದೃಢೀಕರಿಸುವ ಸರಕಾರಿ ಚೀಟಿ, ಇದ್ದದ್ದು ಹಿಂಭಾಗದಲ್ಲಿ. ಅಷ್ಟೇ. ಎರಡೂ ಬದಿ ಸ್ಕ್ಯಾನ್ ಮಾಡಿ, ಪ್ರಮಾಣಿತ ಅನುವಾದಕರಿಂದ ಸ್ಟಿಕರಿನ ಸಾಲುಗಳನ್ನೂ ಅನುವಾದ ಮಾಡಿಸಿ, 17ಕ್ಕೇ ಕೊಟ್ಟೆ. ಜೊತೆಗಿಟ್ಟ ಪತ್ರದಲ್ಲಿ ‘ಸದರಿ ದೋಷವನ್ನು ಸುಬ್ಸನಾರ್ ಮಾಡುವ ಸಲುವಾಗಿ’ ಎಂದು ಅಜ್ಜ ಹೇಳಿಕೊಟ್ಟ ಹಾಗೆ ಬರೆದೆ. ಬರೆಯುವಾಗ ಸ್ವಲ್ಪ ಜಂಬವೂ ಬಂತು.

ಆ ಜಂಬ ವಾರ ಬಾಳಲಿಲ್ಲ. ಅಡುಗೆಮನೆಯ ನಲ್ಲಿ ಸೋರತೊಡಗಿ ಪ್ಲಂಬರ್ ಬಂದ. ಇದನ್ನು ದಯವಿಟ್ಟು ಸುಬ್ಸನಾರ್ ಮಾಡಿಕೊಡಿ ಅಂದೆ. ಅವನು ಸ್ಪ್ಯಾನರ್ ಕೆಳಗಿಟ್ಟು ನನ್ನನ್ನೇ ನೋಡಿದ. “ರಿಪೇರಿ ಮಾಡಿಕೊಡ್ತೀನಿ,” ಅಂದ, “ಆದ್ರೆ ಸರ್, ನೀವು ವಕೀಲರಾ?”