ಹೆಬ್ಬಾತಿನ ಮೊಟ್ಟೆಗೆ ದಿನಾ ಸ್ನಾನ

ಮೊದಲೇ ಹೇಳಿಬಿಡುತ್ತೇನೆ, ನಾನು ಇದನ್ನೆಲ್ಲ ಓದಿ ಕಲಿತವಳಲ್ಲ. ಬೇಲೂರಿನಿಂದ ಮೂಡಿಗೆರೆ ಕಡೆ ಹೋಗುವ ದಾರಿಯಲ್ಲಿ ನಮ್ಮದೊಂದು ಸಣ್ಣ ಕಾಫಿ ತೋಟ. ಮನೆ ಹಿಂದೆ ಅತ್ತೆಯ ಕಾಲದಿಂದಲೂ ಒಂದಷ್ಟು ನಾಟಿಕೋಳಿ ಇವೆ. ಮೂರು ವರ್ಷದ ಹಿಂದೆ ನಮ್ಮ ಯಜಮಾನರು ಒಂದು ಜೋಡಿ ಹೆಬ್ಬಾತು ತಂದು ಅಂಗಳಕ್ಕೆ ಬಿಟ್ಟರು. ಮನೆ ಕಾಯುತ್ತವೆ, ಹಾವು ಹತ್ತಿರ ಬರಲ್ಲ ಅಂತ ಯಾರೋ ತಲೆಗೆ ತುಂಬಿದ್ದರು. ಹಾವಿನ ಮಾತು ಬಿಡಿ, ನೆಂಟರಂತೂ ಕಮ್ಮಿಯಾದರು.

ಹೆಬ್ಬಾತು ಅಂದರೆ ನಮ್ಮೂರಲ್ಲಿ ಯಾರಿಗೂ ಗೊತ್ತಾಗಲ್ಲ. ಮಕ್ಕಳು ಬಾತುಕೋಳಿ ಅಂತಾರೆ, ದೊಡ್ಡವರು ಹಂಸ ಅಂತಾರೆ. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಗೋಡೆ ಬುಡದಲ್ಲಿ ಆನೆ, ಸಿಂಹ, ಕುದುರೆ ಅಂತ ಸಾಲುಸಾಲಾಗಿ ಕೆತ್ತಿದ್ದಾರಲ್ಲ, ಅದರಲ್ಲಿ ಎಲ್ಲಕ್ಕಿಂತ ಮೇಲಿನ ಸಾಲು ಹಂಸಗಳದ್ದು. ಮುಂದಿನ ಸಲ ಹೋದಾಗ ಬಗ್ಗಿ ನೋಡಿ. ಆ ಹೊಟ್ಟೆ, ಆ ಕತ್ತು, ಆ ಗತ್ತು ಎಲ್ಲ ನಮ್ಮನೆ ಗಂಡಿನದೇ. ನಮ್ಮವು ಕೊಕ್ಕಿನ ಬುಡದಲ್ಲಿ ಗಂಟು ಇರುವ ಚೀನೀ ತಳಿ. ಈ ತಳಿಯ ಹೆಣ್ಣುಗಳು ಮೊಟ್ಟೆ ಚೆನ್ನಾಗಿ ಇಡುತ್ತವೆ, ಆದರೆ ಕಾವಿಗೆ ಕೂರೋದರಲ್ಲಿ ಸೋಮಾರಿಗಳು. ನಮ್ಮದು ದನದ ಕೊಟ್ಟಿಗೆ ಮೂಲೆಯಲ್ಲಿ ಒಂದಿನ ಬಿಟ್ಟು ಒಂದಿನ ಮೊಟ್ಟೆ ಇಟ್ಟು, ಹುಲ್ಲು ಎಳೆದು ಮುಚ್ಚಿ, ಹಾಯಾಗಿ ಮೇಯಲು ಹೋಗುತ್ತಿತ್ತು. ಹಿಂದೆಯೇ ಮುಂಗುಸಿ ಬರುತ್ತಿತ್ತು.

ಅದಕ್ಕೇ ಮಷೀನು ತರಿಸಿದೆ. 48 ಕೋಳಿಮೊಟ್ಟೆ ಹಿಡಿಯುವ ಸಣ್ಣ ಇನ್‌ಕ್ಯುಬೇಟರ್, ಅಂದರೆ ಮೊಟ್ಟೆಗೆ ಕಾವು ಕೊಡುವ ಡಬ್ಬ, ಒಳಗೆ ಫ್ಯಾನ್, ಮೊಟ್ಟೆ ತಾನೇ ಹೊರಳಿಸುವ ಟ್ರೇ. ಕೋಳಿಮೊಟ್ಟೆ ಸುಮಾರು 55 ಗ್ರಾಂ ಇರುತ್ತೆ, ನಮ್ಮ ಹೆಬ್ಬಾತಿನದು 150. ಆ ಟ್ರೇ ಗುಳಿಯಲ್ಲಿ ಅದು ಕೂರಲೇ ಇಲ್ಲ. ಟ್ರೇ ಕಿತ್ತು ಅಟ್ಟಕ್ಕೆ ಹಾಕಿದೆ. ಇವತ್ತಿಗೂ ಅಲ್ಲೇ ಇದೆ.

ಮೊದಲ ಸಲ ಇಟ್ಟಿದ್ದು ಡಿಸೆಂಬರ್‌ನಲ್ಲಿ, ಆರು ಮೊಟ್ಟೆ. ಒಂದೂ ಮರಿಯಾಗಲಿಲ್ಲ. ಎರಡರಲ್ಲಿ ಮರಿ ಕಟ್ಟಿರಲೇ ಇಲ್ಲ, ಒಂದು ಹತ್ತು ದಿನಕ್ಕೇ ಸತ್ತಿತ್ತು. ಉಳಿದ ಮೂರು ಪೂರ್ತಿ ಬೆಳೆದಿದ್ದವು. ಪುಕ್ಕ, ಉಗುರು, ಕೊಕ್ಕಿನ ತುದಿಯ ಬಿಳಿ ಚುಕ್ಕೆ ಎಲ್ಲ ಇತ್ತು. 35ನೇ ದಿನ ಒಡೆದು ನೋಡಿದರೆ ಮೂರೂ ನೀರಲ್ಲಿ ಅದ್ದಿ ತೆಗೆದ ಹತ್ತಿಯ ಹಾಗೆ ಒದ್ದೆ ಮುದ್ದೆ. ಅವತ್ತು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ಮಷೀನು ಕೊಟ್ಟವರಿಗೆ ಫೋನ್ ಮಾಡಿದರೆ "ತೇವ ಕಮ್ಮಿ ಆಗಿರುತ್ತೆ ಮೇಡಂ, ನೀರು ಜಾಸ್ತಿ ಹಾಕಿ" ಅಂದರು. ಆಗಿದ್ದು ಅದರ ಉಲ್ಟಾ.

ಮೊಟ್ಟೆಯ ಚಿಪ್ಪಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುತ್ತವೆ. ಕಾವು ಕೂತ ಮೊಟ್ಟೆಯಿಂದ ದಿನಾ ಒಂಚೂರು ನೀರು ಅದರ ಮೂಲಕ ಆವಿಯಾಗಿ ಹೋಗಬೇಕು. ನೀರು ಹೋದಷ್ಟೂ ದಪ್ಪ ತುದಿಯಲ್ಲಿ ಗಾಳಿಯ ಜಾಗ ದೊಡ್ಡದಾಗುತ್ತೆ. ಮರಿ ಚಿಪ್ಪು ಒಡೆಯುವ ಮೊದಲು ಒಳಪೊರೆ ಹರಿದು, ಆ ಗಾಳಿಯಲ್ಲೇ ಮೊದಲ ಉಸಿರು ಎಳೆಯೋದು. ನಮ್ಮಲ್ಲಿ ಡಿಸೆಂಬರ್ ಅಂದರೆ ಹತ್ತು ಗಂಟೆವರೆಗೂ ಮಂಜು, ಒಗೆದ ಬಟ್ಟೆ ಎರಡು ದಿನ ಒಣಗಲ್ಲ. ಅಂಥದ್ದರಲ್ಲಿ ನಾನು ಮಷೀನಿನ ಎರಡೂ ಕಾಲುವೆ ತುಂಬ ನೀರು ತುಂಬಿಸಿ ಮುಚ್ಚಳ ಹಾಕಿ ಕೂತಿದ್ದೆ. ಮೊಟ್ಟೆ ಒಣಗೋದಕ್ಕೆ ಜಾಗವೇ ಇರಲಿಲ್ಲ.

ಎರಡನೇ ಸಲಕ್ಕೆ ತೂಕ ಹಾಕಲು ಶುರು ಮಾಡಿದೆ. ಅಡುಗೆಮನೆಯ ತಕ್ಕಡಿ ಸಾಕು. ಇಟ್ಟ ದಿನದ ತೂಕದಲ್ಲಿ ನೂರಕ್ಕೆ ಸುಮಾರು 14 ಭಾಗ ಮರಿ ಚಿಪ್ಪು ಒಡೆಯುವ ಹೊತ್ತಿಗೆ ಕಳೆದಿರಬೇಕು. ನನ್ನ ಮೂರನೇ ನಂಬರ್ ಮೊಟ್ಟೆ ಮೊದಲ ದಿನ 152 ಗ್ರಾಂ, ಹತ್ತನೇ ದಿನ 144, 28ನೇ ದಿನ 131. ತೂಕ ಇಳಿಯೋದು ನಿಧಾನವಾದರೆ ನೀರು ಕಮ್ಮಿ, ಜೋರಾದರೆ ನೀರು ಜಾಸ್ತಿ, ಅಷ್ಟೇ ಲೆಕ್ಕ. ತೇವಾಂಶ ಶೇಕಡಾ 50ರಿಂದ 55 ಇರಲಿ ಅಂತ ಎಲ್ಲರೂ ಹೇಳುತ್ತಾರೆ, ಸರಿಯೇ, ಆದರೆ ನನಗೆ ಮೀಟರಿಗಿಂತ ತಕ್ಕಡಿ ಮೇಲೆ ನಂಬಿಕೆ. ಮೀಟರಿನ ಯೋಗ್ಯತೆ ಹೇಳ್ತೀನಿ ಕೇಳಿ. ಮಷೀನಿನ ಪರದೆ ಮೇಲೆ ಬಿಸಿ 37.5 ಡಿಗ್ರಿ ಅಂತ ಇತ್ತು. ಜ್ವರ ನೋಡುವ ಥರ್ಮಾಮೀಟರ್ ಒಳಗಿಟ್ಟರೆ 38.4! ಹೆಚ್ಚುಕಮ್ಮಿ ಒಂದು ಡಿಗ್ರಿ ಜಾಸ್ತಿ. ಫ್ಯಾನ್ ಇರುವ ಮಷೀನಿಗೆ 37.5 ಸರಿ. ಮೊಟ್ಟೆ ಒಂದಷ್ಟು ಹೊತ್ತು ತಣ್ಣಗಾದರೂ ತಡೆಯುತ್ತೆ, ಬಿಸಿ ಏರಿದರೆ ತಡೆಯಲ್ಲ. ಇದನ್ನು ನನಗೆ ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟೋ ರಾತ್ರಿ ನಿದ್ದೆ ಉಳಿಯುತ್ತಿತ್ತು.

ಇನ್ನೊಂದು ವಿಷಯ ಹೇಳಿಕೊಟ್ಟಿದ್ದು ಅತ್ತೆ. ಅವರಿಗೆ ಈ ಮಷೀನು ಕಂಡರೇ ಆಗಲ್ಲ. ಮೊದಲ ಸಲ ಎಲ್ಲ ಹಾಳಾದಾಗ ಅವರು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು, "ಅಲ್ವೇ, ಹೆಬ್ಬಾತು ಮೂವತ್ತು ದಿನ ಒಂದೇ ಸಮ ಮೊಟ್ಟೆ ಮೇಲೆ ಕೂತಿರುತ್ತಾ? ದಿನಕ್ಕೊಂದ್ಸಲ ಎದ್ದು ಹೋಗಿ ಮೈ ತೊಳ್ಕೊಂಡು ಬರಲ್ವಾ? ಒದ್ದೆ ಮೈಲೇ ಬಂದು ಕೂರುತ್ತೆ. ನಿನ್ನ ಡಬ್ಬ ಯಾವತ್ತು ಎದ್ದಿತ್ತು?" ಅಂದರು. ನಾನು ನಕ್ಕುಬಿಟ್ಟೆ. ಆಮೇಲೆ ಹುಡುಕಿ ಓದಿದರೆ ಅತ್ತೆ ಹೇಳಿದ್ದೇ ಅಲ್ಲೂ ಬರೆದಿದೆ. ಹೆಬ್ಬಾತಿನ ಮೊಟ್ಟೆ ದೊಡ್ಡದು, ಅರ್ಧ ದಾರಿ ದಾಟಿದ ಮೇಲೆ ಒಳಗಿನ ಮರಿಯೇ ಬಿಸಿ ಮಾಡಲು ಶುರು ಮಾಡುತ್ತೆ, ದೊಡ್ಡ ಮೊಟ್ಟೆಯಿಂದ ಆ ಬಿಸಿ ಬೇಗ ಆಚೆ ಹೋಗಲ್ಲ. ಮಷೀನು ಹೊರಗಿನ ಗಾಳಿಯನ್ನಷ್ಟೇ ಅಳೆದು ಎಲ್ಲ ಸರಿಯಿದೆ ಅಂತ ಸುಮ್ನೆ ಕೂತಿರುತ್ತೆ. ಅದಕ್ಕೇ ದಿನಾ ಒಂದು ಸಲ ಮುಚ್ಚಳ ತೆಗೆದು ತಣಿಸಬೇಕು.

ಎರಡನೇ ಸಲ ಫೆಬ್ರವರಿ ಕೊನೆಯಲ್ಲಿ ಏಳು ಮೊಟ್ಟೆ ಇಟ್ಟೆ. ಅಂಗಳದ ಸಿಮೆಂಟ್ ತೊಟ್ಟಿಯನ್ನು ಜನವರಿಯಲ್ಲೇ ತುಂಬಿಸಿ ಬಿಟ್ಟಿದ್ದೆ, ಹೆಬ್ಬಾತಿನ ಗಂಡು ಹೆಣ್ಣು ನೀರಲ್ಲಿ ಜೊತೆಗೂಡೋದನ್ನೇ ಇಷ್ಟಪಡುತ್ತವೆ. ಮೊಟ್ಟೆಗಳನ್ನು ತೊಳೆಯಲಿಲ್ಲ, ಒಣಬಟ್ಟೆಯಲ್ಲಿ ಕೊಳೆ ಒರೆಸಿದೆ ಅಷ್ಟೇ. ಸ್ಟೋರ್ ರೂಮಿನ ತಂಪಲ್ಲಿ ಭತ್ತದ ಹೊಟ್ಟಿನ ಮೇಲೆ ಮಲಗಿಸಿ, ದಿನಾ ಒಮ್ಮೆ ಹೊರಳಿಸುತ್ತ, ಹತ್ತು ದಿನ ಮೀರದ ಮೊಟ್ಟೆಗಳನ್ನಷ್ಟೇ ಆರಿಸಿಕೊಂಡೆ. ಪೆನ್ಸಿಲಲ್ಲಿ ಒಂದು ಕಡೆ ಸೊನ್ನೆ, ಇನ್ನೊಂದು ಕಡೆ ಕತ್ತರಿ ಗುರುತು. ಟ್ರೇ ಅಟ್ಟದಲ್ಲಿ ಇದ್ದದ್ದರಿಂದ ಕೈಯಲ್ಲೇ ದಿನಕ್ಕೆ ಐದು ಸಲ ಹೊರಳಿಸಿದೆ. ಐದೇ ಯಾಕೆ ಅಂದರೆ, ಬೆಸ ಸಂಖ್ಯೆ ಆದರೆ ಇವತ್ತು ರಾತ್ರಿ ಸೊನ್ನೆ ಮೇಲಿದ್ದರೆ ನಾಳೆ ರಾತ್ರಿ ಕತ್ತರಿ ಮೇಲೆ ಬರುತ್ತೆ. ರಾತ್ರಿ ಹೊತ್ತು ಉದ್ದ ಅಲ್ವಾ, ದಿನಾ ಒಂದೇ ಮಗ್ಗುಲಲ್ಲಿ ಮಲಗಬಾರದು.

ಒಂಬತ್ತನೇ ದಿನ ರಾತ್ರಿ ಲೈಟ್ ಆರಿಸಿ ಟಾರ್ಚ್ ಹಿಡಿದು ನೋಡಿದೆವು. ಚಿಪ್ಪು ದಪ್ಪ, ಆದರೂ ಬಿಳಿ ಆದ್ದರಿಂದ ಚೆನ್ನಾಗಿ ಕಾಣುತ್ತೆ. ಒಂದು ಮೊಟ್ಟೆ ಬರೀ ಹಳದಿ ಬಲ್ಬಿನ ಹಾಗೆ ಖಾಲಿ. ಇನ್ನೊಂದರಲ್ಲಿ ರಕ್ತದ ಒಂದು ಉಂಗುರ, ಅಂದರೆ ಶುರುವಾಗಿ ಸತ್ತಿದೆ. ಉಳಿದ ಐದರಲ್ಲಿ ಕೆಂಪು ಜೇಡರ ಬಲೆ, ಮಧ್ಯೆ ಒಂದು ಕಪ್ಪು ಚುಕ್ಕೆ ಅಲ್ಲಾಡುತ್ತಿತ್ತು. ಮಗಳು ಟಾರ್ಚ್ ಕೊಡಲೇ ಇಲ್ಲ, ಬ್ಯಾಟರಿ ಮುಗಿಯೋವರೆಗೂ ನೋಡಿದಳು.

ಹತ್ತನೇ ದಿನದಿಂದ ಸ್ನಾನ. ಬೆಳಿಗ್ಗೆ ತಿಂಡಿ ಆದಮೇಲೆ ಮುಚ್ಚಳ ತೆಗೆದು ಮೊದಲು ಐದು ನಿಮಿಷ, ಆಮೇಲೆ ಹತ್ತು, ಕೊನೆಕೊನೆಗೆ ಹದಿನೈದು ನಿಮಿಷ ಬಿಡುತ್ತಿದ್ದೆ. ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ತಾಗಿಸಿದರೆ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ ಅನ್ನಿಸಬೇಕು. ಆಗ ಗಿಡಕ್ಕೆ ಹೊಡೆಯುವ ಸ್ಪ್ರೇ ಬಾಟಲಿಯಲ್ಲಿ (ಹೊಸದು, ಔಷಧಿ ಹಾಕಿದ್ದಲ್ಲ!) ಉಗುರುಬೆಚ್ಚಗಿನ ನೀರನ್ನು ಮಂಜಿನ ಹಾಗೆ ಹೊಡೆದು ಮುಚ್ಚುವುದು. ನೀರು ಹೊಡೆದರೆ ತೇವ ಜಾಸ್ತಿ ಆಗಲ್ವಾ ಅಂತ ನನಗೂ ಅನುಮಾನ ಇತ್ತು. ಮೇಲಿನ ನೀರು ಆರುವಾಗ ಮೊಟ್ಟೆಯ ಬಿಸಿ ಎಳೆದುಕೊಂಡು ಹೋಗುತ್ತೆ, ಒಳಗೆ ಇಳಿಯಲ್ಲ. ತಕ್ಕಡಿಯೂ ಅದನ್ನೇ ಹೇಳಿತು.

19ನೇ ದಿನ ಸಂಜೆ ಹೂಮಳೆ, ಅಂದರೆ ಕಾಫಿ ಗಿಡ ಹೂ ಬಿಡಲು ಬೇಕಾದ ಮಳೆ, ಬಂತು. ತೋಟದವರಿಗೆಲ್ಲ ಖುಷಿಯೋ ಖುಷಿ, ಆ ಹೊತ್ತಿನ ಮಳೆಗೆ ಕಾಯದವರು ಯಾರಿದ್ದಾರೆ. ನನಗೆ ಮಾತ್ರ ಎದೆ ಧಸಕ್ ಅಂತು, ಮೊದಲ ಗುಡುಗಿಗೇ ಕರೆಂಟ್ ಹೋಯಿತು. ಇನ್ವರ್ಟರ್ ಒಂದು ಗಂಟೆ ಎಳೆದು ಕೈ ಬಿಟ್ಟಿತು. ಸೋಡಾ ಬಾಟಲಿಗಳಿಗೆ ಬಿಸಿನೀರು ತುಂಬಿ, ಟವಲ್ ಸುತ್ತಿ ಮಷೀನಿನ ಸುತ್ತ ಇಟ್ಟು, ಮೇಲೆ ಕಂಬಳಿ ಹೊದಿಸಿ, ಉಸಿರಾಡಲು ಒಂದು ಮೂಲೆ ತೆರೆದು ಬಿಟ್ಟೆ. ಅಷ್ಟರಲ್ಲಿ ಅತ್ತೆ ಬಂದು ಮಷೀನಿನ ಮೇಲೆ ಒಂದು ಇದ್ದಿಲ ಚೂರು, ಒಂದು ತುಕ್ಕು ಹಿಡಿದ ಮೊಳೆ ಇಟ್ಟರು. ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ ಕಾವಿನ ಬುಟ್ಟಿಗೆ ಹಾಕ್ತಾರಲ್ಲ, ಅದೇ. "ಅತ್ತೆ, ಇದು ಪ್ಲಾಸ್ಟಿಕ್ ಡಬ್ಬ" ಅಂದೆ. "ಇರಲಿ ಬಿಡು, ಭಾರ ಏನು?" ಅಂದರು. ಐದು ಗಂಟೆ ಕರೆಂಟ್ ಇರಲಿಲ್ಲ, ಒಳಗೆ 31ಕ್ಕೆ ಇಳಿದಿತ್ತು. ಮಾರನೇ ರಾತ್ರಿ ಟಾರ್ಚ್ ಹಿಡಿದರೆ ಐದೂ ಒದೆಯುತ್ತಿದ್ದವು. ಇದ್ದಿಲಿಗೆ ಎಷ್ಟು ಪಾಲು, ಬಾಟಲಿಗೆ ಎಷ್ಟು ಪಾಲು ಅಂತ ನಮ್ಮನೆಯಲ್ಲಿ ಇನ್ನೂ ತೀರ್ಮಾನ ಆಗಿಲ್ಲ.

27ನೇ ದಿನಕ್ಕೆ ಹೊರಳಿಸೋದು, ಸ್ನಾನ ಎಲ್ಲ ಬಂದ್. ತೇವಾಂಶ 75ಕ್ಕೆ ಏರಿಸಿದೆ. ಕೊನೆಯ ಮೂರು ದಿನಕ್ಕೆ ತೇವ ಬೇಕೇ ಬೇಕು, ಇಲ್ಲದಿದ್ದರೆ ಪೊರೆ ಒಣಗಿ ಕಾಗದದ ಹಾಗೆ ಮರಿಗೆ ಅಂಟಿಕೊಳ್ಳುತ್ತೆ. 28ರ ರಾತ್ರಿ ಅಡುಗೆಮನೆ ಒರೆಸುವಾಗ ಸಣ್ಣಗೆ ಕೀಚ್ ಅಂತ ಕೇಳಿಸಿತು. ಚಿಪ್ಪಿನ ಮೇಲೆ ಒಂದು ಗೆರೆಯೂ ಇಲ್ಲ, ಒಳಗಿಂದ ದನಿ. ನಾನು "ಏನಪ್ಪಾ" ಅಂದೆ. ಅದು ಮತ್ತೆ ಕೀಚ್ ಅಂತು. ಯಜಮಾನರನ್ನು ಎಬ್ಬಿಸಿ ಕರೆದುಕೊಂಡು ಬಂದು ಅವರ ಹತ್ತಿರವೂ ಮಾತಾಡಿಸಿದೆ.

29ರ ಸಂಜೆ ಮೂರನೇ ನಂಬರಿನ ಚಿಪ್ಪು ನಕ್ಷತ್ರದ ಹಾಗೆ ಬಿರಿಯಿತು. ಆಮೇಲೆ ಏನೂ ಇಲ್ಲ. ರಾತ್ರಿ ಹತ್ತಾಯಿತು, ಬೆಳಗಾಯಿತು, ಮಧ್ಯಾಹ್ನವೂ ಕಳೆಯಿತು, ಆ ತೂತಿನಲ್ಲಿ ಕೊಕ್ಕಿನ ತುದಿ ಮಾತ್ರ ಉಸಿರಾಡುತ್ತಿದೆ, ಬೇರೆ ಏನೂ ನಡೆಯುತ್ತಿಲ್ಲ. ಕೈ ಕಡಿಯುತ್ತೆ ಅಂತಾರಲ್ಲ, ಹಾಗಾಗಿತ್ತು ನನಗೆ. ದಯವಿಟ್ಟು ಕೈ ಹಾಕಬೇಡಿ. ಹೊರಗೆ ಸುಮ್ಮನಿದ್ದರೂ ಒಳಗೆ ಅದು ಪೊರೆಯ ರಕ್ತವನ್ನೆಲ್ಲ ಮೈಗೆ ಎಳೆದುಕೊಳ್ಳುತ್ತಿರುತ್ತೆ, ಉಳಿದ ಹಳದಿಯನ್ನು ಹೊಟ್ಟೆಗೆ ಸೇರಿಸಿಕೊಳ್ಳುತ್ತಿರುತ್ತೆ. ಅದಕ್ಕೆ ಒಂದು ದಿನ, ಕೆಲವಕ್ಕೆ ಎರಡು ದಿನ ಬೇಕು. ಆತುರಪಟ್ಟು ಚಿಪ್ಪು ಕಿತ್ತರೆ ರಕ್ತ ಹೋಗಿ ಸಾಯುತ್ತೆ. ನಾನು ಮುಚ್ಚಳ ತೆಗೆಯದ ಹಾಗೆ ಮಗಳು ಅದರ ಮೇಲೆ ತನ್ನ ಗಣಿತದ ಪುಸ್ತಕಗಳನ್ನು ಪೇರಿಸಿದ್ದಳು.

ಕೊನೆಗೆ 31ನೇ ದಿನ ಬೆಳಗಿನ ಜಾವ ಹೊರಳಿತು. ದಪ್ಪ ತುದಿಯ ಸುತ್ತ ಟೋಪಿ ಕತ್ತರಿಸಿದ ಹಾಗೆ ಒಂದೊಂದೇ ಚೂರು ಒಡೆಯುತ್ತ, ಪ್ರತಿ ಸಲ ಒದ್ದು, ಸುಸ್ತಾಗಿ ಮಲಗಿ, ಮತ್ತೆ ಒದ್ದು, ಮುಕ್ಕಾಲು ಗಂಟೆಗೆ ಆಚೆ ಬಿತ್ತು. ಮೈಯೆಲ್ಲ ಅಂಟು, ಕತ್ತು ನಿಲ್ಲುತ್ತಿಲ್ಲ, ಪಾದ ಮಾತ್ರ ಮೈಗೆ ಹೊಂದದಷ್ಟು ದೊಡ್ಡದು. ಸಂಜೆಗೆ ಇನ್ನೆರಡು, ಮಾರನೇ ದಿನ ನಾಲ್ಕನೆಯದು. ಐದನೆಯದು ಬರಲೇ ಇಲ್ಲ. 34ನೇ ದಿನ ನೋಡಿದರೆ ತಲೆ ಚೂಪು ತುದಿ ಕಡೆ ತಿರುಗಿತ್ತು, ಗಾಳಿ ಇರೋದು ಇನ್ನೊಂದು ತುದಿಯಲ್ಲಿ.

ಮರಿಗಳ ಆರೈಕೆ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ನ್ಯೂಸ್‌ಪೇಪರ್ ಹಾಸಬೇಡಿ, ಕಾಲು ಜಾರಿ ಎರಡೂ ಕಡೆ ಅಗಲಿಕೊಂಡರೆ ಸರಿ ಮಾಡೋದು ಕಷ್ಟ. ಗೋಣಿತಾಟು ಒಳ್ಳೆಯದು. ಮೊದಲ ವಾರ ಬಲ್ಬಿನ ಕೆಳಗೆ 32 ಡಿಗ್ರಿ, ಆಮೇಲೆ ವಾರಕ್ಕೆ ಎರಡು ಮೂರು ಡಿಗ್ರಿ ಇಳಿಸಿ. ಕೋಳಿಮರಿ ಫೀಡೇ ಕೊಟ್ಟೆ, ಔಷಧಿ ಬೆರೆಸದ್ದು. ಇವಕ್ಕೆ ಕೋಳಿಮರಿಗಿಂತ ನಯಾಸಿನ್ ಅನ್ನೋ ವಿಟಮಿನ್ ಜಾಸ್ತಿ ಬೇಕು, ಕಮ್ಮಿಯಾದರೆ ಕಾಲು ಸೊಟ್ಟಗಾಗುತ್ತೆ. ಅದಕ್ಕೆ ಬ್ರೂವರ್ಸ್ ಯೀಸ್ಟ್ ಬೆರೆಸಿದೆ. ಮೂರನೇ ದಿನದಿಂದ ಸಣ್ಣಗೆ ಹೆಚ್ಚಿದ ಗರಿಕೆ. ನೀರಿನ ಬಟ್ಟಲಲ್ಲಿ ಮೂಗು ಮುಳುಗಬೇಕು, ಮರಿ ಮುಳುಗಬಾರದು, ಒಳಗೆ ಕಲ್ಲು ಹಾಕಿಡಿ.

ಹುಟ್ಟಿದ ತಕ್ಷಣ ಕಂಡದ್ದನ್ನೇ ಇವು ಅಮ್ಮ ಅಂದುಕೊಳ್ಳುತ್ತವೆ. ಇದನ್ನೇ ಕೂತು ನೋಡಿ ಬರೆದ ವಿಜ್ಞಾನಿ ಕಾನ್ರಾಡ್ ಲೊರೆಂಜ್‌ಗೆ 1973ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಂದಿತ್ತು. ಆ ಮನುಷ್ಯ ಹೆಬ್ಬಾತಿನ ಮರಿಗಳನ್ನು ಹಿಂದೆ ಕಟ್ಟಿಕೊಂಡು ಓಡಾಡುವ ಫೋಟೋ ನೀವೂ ನೋಡಿರಬಹುದು. ನಮ್ಮನೆಯಲ್ಲಿ ಅಮ್ಮ ನಾನಲ್ಲ, ನನ್ನ ನೀಲಿ ಹವಾಯಿ ಚಪ್ಪಲಿ. ಅದನ್ನು ಅತ್ತೆ ಹಾಕಿಕೊಂಡು ಬಚ್ಚಲ ಕಡೆ ಹೋದರೆ ನಾಲ್ಕೂ ಸಾಲಾಗಿ ಅವರ ಹಿಂದೆ. "ನಿನ್ನ ಮಕ್ಕಳನ್ನ ಕರ್ಕೋ ಬಾರೇ" ಅಂತ ಒಳಗಿಂದ ಕೂಗುತ್ತಿದ್ದರು.

ಈ ವರ್ಷ ಹೆಣ್ಣಿಗೆ ಅದೇನು ಬುದ್ಧಿ ಬಂತೋ, ತಾನೇ ಕೊಟ್ಟಿಗೆಯಲ್ಲಿ ಎದೆಯ ಪುಕ್ಕ ಕಿತ್ತು ಹಾಸಿ ಆರು ಮೊಟ್ಟೆ ಮೇಲೆ ಕೂತಿದೆ. ಅತ್ತೆ ಮುಂಗುಸಿಗೆ ಅಂತ ತಂತಿ ಬಲೆ ಹೊಡೆಸಿ, ಮಷೀನನ್ನು ಅಟ್ಟಕ್ಕೆ ಸೇರಿಸಿದ್ದಾರೆ. ಇವತ್ತಿಗೆ 12ನೇ ದಿನ. ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಅದು ಎದ್ದು ತೊಟ್ಟಿಗೆ ಹೋಗುತ್ತೆ, ನಾನು ಗಡಿಯಾರ ನೋಡುತ್ತೇನೆ. ಇವತ್ತು ಹದಿನಾಲ್ಕು ನಿಮಿಷ.